ಗುರಿ ಇತ್ತು, ಗುರುವಿರಲಿಲ್ಲ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಫಾರ್ಮ್‌ವಿಲ್ ಎಂಬ ಸಣ್ಣ ಊರಿದೆ. 1931ರಲ್ಲಿ ಅಲ್ಲಿ ಹುಟ್ಟಿದ ಜೇಮ್ಸ್ ವೆಸ್ಟ್ ಎಂಬ ಕರಿಯ ಹುಡುಗನಿಗೆ ಮನೆಯಲ್ಲಿ ಕೈಗೆ ಸಿಕ್ಕಿದ ಯಂತ್ರವನ್ನೆಲ್ಲ ಬಿಚ್ಚಿ ನೋಡುವ ಚಟ. ಎಂಟು ವರ್ಷದವನಿದ್ದಾಗ ಕೆಟ್ಟುಹೋಗಿದ್ದ ರೇಡಿಯೊ ಒಂದನ್ನು ಸರಿಪಡಿಸಿ, ಹಿತ್ತಾಳೆಯ ಮಂಚದ ಮೇಲೆ ನಿಂತು, ಅದರ ಪ್ಲಗ್ಗನ್ನು ಚಾವಣಿಯ ಹೋಲ್ಡರಿಗೆ ಸಿಕ್ಕಿಸಲು ಹೋದ. ಕರೆಂಟು ಹೊಡೆಯಿತು. ಬದುಕಿ ಉಳಿದ ಹುಡುಗ ಹೆದರಿ ಸುಮ್ಮನಾಗಲಿಲ್ಲ. ವಿದ್ಯುತ್ತು ಎಂದರೆ ಏನೆಂದು ತಿಳಿದೇ ತೀರಬೇಕೆಂದು ಹಟ ಹಿಡಿದ.

ಆದರೆ ಮುಂದೆ ಭೌತಶಾಸ್ತ್ರ ಓದುತ್ತೇನೆಂದು ಹೇಳಿದಾಗ ತಂದೆ ಒಪ್ಪಲಿಲ್ಲ. ಮಗ ವೈದ್ಯನಾಗಲಿ ಎಂಬುದು ಮನೆಯವರ ಆಸೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯನಿಗೆ ವಿಜ್ಞಾನಿಯ ಕೆಲಸ ಯಾರೂ ಕೊಡುವುದಿಲ್ಲ ಎಂದು ಅವರು ವಾದಿಸಿದರು. ವಾದಕ್ಕೆ ಸಾಕ್ಷಿಯನ್ನೂ ಒದಗಿಸಿದರು. ಮಗನಿಗೆ ಮೂವರು ಕರಿಯರ ಪರಿಚಯ ಮಾಡಿಸಿದರು. ಮೂವರೂ ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಪಿಎಚ್.ಡಿ. ಪಡೆದವರು. ಅವರಿಗೆ ಸಿಕ್ಕಿದ್ದ ಅತ್ಯುತ್ತಮ ನೌಕರಿ ಅಂಚೆ ಕಚೇರಿಯದು!

ವೆಸ್ಟ್ ಮುಂದೆ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡ ಪ್ರಸಂಗವಿದು. ತಂದೆಯ ಮಾತು ಸುಳ್ಳಾಗಿರಲಿಲ್ಲ. ಆದರೂ ವೆಸ್ಟ್ ತಮ್ಮ ಹಟ ಬಿಡಲಿಲ್ಲ. ಜಗತ್ತಿನ ಕೋಟ್ಯಂತರ ಟೆಲಿಫೋನುಗಳಲ್ಲಿ, ಟೇಪ್ ರೆಕಾರ್ಡರುಗಳಲ್ಲಿ ಸೇರಿಕೊಂಡ ಪುಟ್ಟ ಮೈಕ್ರೊಫೋನಿನ ಜನಕರಲ್ಲಿ ಒಬ್ಬರಾದರು. ಅಷ್ಟಕ್ಕೇ ನಿಲ್ಲದೆ, ತಮ್ಮ ಹಿಂದೆ ಬರುವ ಕರಿಯ ವಿದ್ಯಾರ್ಥಿಗಳು ಪಿಎಚ್.ಡಿ. ಮುಗಿಸಿ ಅಂಚೆ ಕಚೇರಿ ಸೇರುವಂತಾಗಬಾರದೆಂದು ಒಂದು ದಾರಿಯನ್ನೂ ಹಾಕಿಕೊಟ್ಟರು. ಎಂಜಿನಿಯರಿಂಗ್ ಸಂಶೋಧನೆಗೆ ಬರುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕೈಹಿಡಿದು ನಡೆಸುವ ಈ ಪ್ರಯತ್ನಕ್ಕೆ ಈಗ ಅರ್ಧ ಶತಮಾನ ದಾಟಿದೆ. ಅದರ ಕಥೆ ಅಮೆರಿಕದ್ದೇ ಆದರೂ, ಅದು ಎತ್ತುವ ಪ್ರಶ್ನೆ ಕಲಿಕೆಯ ಬಗ್ಗೆ ಯೋಚಿಸುವ ಎಲ್ಲರದ್ದು. ಬಾಗಿಲು ತೆರೆದರೆ ಸಾಕೆ? ಒಳಗೆ ಬಂದವನಿಗೆ ದಾರಿ ತೋರುವವರು ಯಾರು?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಮೆರಿಕದಲ್ಲಿ ಈ ಸಂದರ್ಭದಲ್ಲಿ ‘ಅಲ್ಪಸಂಖ್ಯಾತರು’ ಎಂದರೆ ಧರ್ಮದ ಲೆಕ್ಕವಲ್ಲ. ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗೆ ಹೋಲಿಸಿದರೆ ವಿಜ್ಞಾನ, ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ತೀರಾ ಕಡಿಮೆ ಇರುವ ಕರಿಯರು, ಮೆಕ್ಸಿಕೊ ಮುಂತಾದ ಸ್ಪ್ಯಾನಿಷ್ ಮೂಲದವರು ಮತ್ತು ಅಲ್ಲಿನ ಮೂಲನಿವಾಸಿಗಳನ್ನು ಹೀಗೆ ಗುರುತಿಸುತ್ತಾರೆ. ಭಾರತ, ಚೀನಗಳಿಂದ ಹೋದವರು ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಈ ಪಟ್ಟಿಗೆ ಸೇರುವುದಿಲ್ಲ. ಪ್ರಯೋಗಾಲಯಗಳಲ್ಲಿ ಅವರು ಬೇಕಾದಷ್ಟಿದ್ದಾರೆ.

ಮೊದಲ ಡಾಕ್ಟರೇಟ್

ಅಮೆರಿಕದಲ್ಲಿ ಪಿಎಚ್.ಡಿ. ಪಡೆದ ಮೊದಲ ಕರಿಯ ಎಡ್ವರ್ಡ್ ಬೂಶೆ. 1852ರಲ್ಲಿ ಹುಟ್ಟಿದ ಈತ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ 1876ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಗಳಿಸಿದ. ಆಗ ಇಡೀ ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದವರು ಬೆರಳೆಣಿಕೆಯಷ್ಟು. ಬೂಶೆ ಆರನೆಯವನು. ಚರ್ಮದ ಬಣ್ಣ ಬೇರೆಯಾಗಿದ್ದರೆ ಯಾವ ವಿಶ್ವವಿದ್ಯಾಲಯವಾದರೂ ಆತನನ್ನು ಕರೆದು ಕುರ್ಚಿ ಕೊಡುತ್ತಿತ್ತು.

ಯಾರೂ ಕರೆಯಲಿಲ್ಲ. ಬೂಶೆ ಫಿಲಡೆಲ್ಫಿಯಾದಲ್ಲಿ ಕರಿಯರ ಮಕ್ಕಳಿಗೆಂದೇ ಇದ್ದ ಶಾಲೆಯೊಂದರಲ್ಲಿ 26 ವರ್ಷ ವಿಜ್ಞಾನದ ಮೇಷ್ಟ್ರಾದ. 1902ರಲ್ಲಿ ಅಲ್ಲಿನ ಕೆಲಸವೂ ಹೋಯಿತು. ಕರಿಯರಿಗೆ ಕೈಕಸುಬಿನ ಶಿಕ್ಷಣವೇ ಸಾಕೆಂಬ ವಾದ ಆ ಹೊತ್ತಿಗೆ ಬಲವಾಗಿತ್ತು. ಶಾಲೆಯ ಆಡಳಿತ ಮಂಡಳಿ ಆ ಕಡೆಗೆ ವಾಲಿ, ಕಾಲೇಜಿಗೆ ತಯಾರು ಮಾಡುತ್ತಿದ್ದ ಶಿಕ್ಷಕರನ್ನು ಕೈಬಿಟ್ಟಿತು. ಆಮೇಲೆ ಹಲವು ಊರುಗಳಲ್ಲಿ ಹಲವು ನೌಕರಿ ಮಾಡಿ, 1918ರಲ್ಲಿ ಬೂಶೆ ತೀರಿಕೊಂಡ. ಪ್ರಯೋಗಾಲಯವಿಲ್ಲದ, ಸಂಶೋಧನಾ ವಿದ್ಯಾರ್ಥಿಗಳಿಲ್ಲದ ಈತನಿಂದ ಮತ್ತೊಬ್ಬ ಭೌತವಿಜ್ಞಾನಿ ತಯಾರಾಗುವುದು ಸಾಧ್ಯವಿರಲಿಲ್ಲ. ಗುರುಪರಂಪರೆ ಹುಟ್ಟುವ ಮೊದಲೇ ಕಡಿದುಹೋಯಿತು.

ಬೂಶೆಯ ನಂತರದ ಅರ್ಧ ಶತಮಾನದಲ್ಲೂ ಪರಿಸ್ಥಿತಿ ಹೆಚ್ಚು ಬದಲಾಗಲಿಲ್ಲ. ಕರಿಯ ವಿಜ್ಞಾನಿಗಳು ಕರಿಯರ ಕಾಲೇಜುಗಳಲ್ಲಿ ಪಾಠ ಹೇಳಬಹುದಿತ್ತು. ಆ ಕಾಲೇಜುಗಳಲ್ಲಿ ಸಂಶೋಧನೆಗೆ ಹಣವೂ ಉಪಕರಣವೂ ಇರುತ್ತಿರಲಿಲ್ಲ. ಉದ್ಯಮಗಳ ಪ್ರಯೋಗಾಲಯಗಳ ಬಾಗಿಲಂತೂ ಮುಚ್ಚಿಯೇ ಇತ್ತು.

ಆ ಬಾಗಿಲು ಸ್ವಲ್ಪ ಸರಿದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬೆಲ್ ಟೆಲಿಫೋನ್ ಕಂಪನಿಯ ಹೆಸರಾಂತ ಸಂಶೋಧನಾಲಯವಿತ್ತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಇಲ್ಲಿಯೇ. ಈ ಬೆಲ್ ಲ್ಯಾಬ್ಸ್‌ನ ತಾಂತ್ರಿಕ ಸಿಬ್ಬಂದಿಗೆ 1942ರಲ್ಲಿ ಸೇರಿದ ವಾಲ್ಟರ್ ಲಿಂಕನ್ ಹಾಕಿನ್ಸ್ ಅಲ್ಲಿನ ಮೊದಲ ಕರಿಯ ವಿಜ್ಞಾನಿ. ಟೆಲಿಫೋನ್ ತಂತಿಗಳಿಗೆ ಆಗ ಸೀಸದ ಕವಚ ಹಾಕುತ್ತಿದ್ದರು. ಅದರ ಬದಲು ಪ್ಲಾಸ್ಟಿಕ್ ಬಳಸಿದರೆ ಬಿಸಿಲಿಗೆ, ಗಾಳಿಗೆ ಬಿರುಕು ಬಿಡುತ್ತಿತ್ತು. ಹಾಕಿನ್ಸ್ ಮತ್ತು ಅವರ ಸಹೋದ್ಯೋಗಿ ವಿನ್ಸೆಂಟ್ ಲಾಂಜಾ ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕವನ್ನು ಕಂಡುಹಿಡಿದು, ದಶಕಗಟ್ಟಲೆ ಬಾಳುವ ಕವಚ ತಯಾರಿಸಿದರು. ಟೆಲಿಫೋನ್ ಊರೂರಿಗೆ ಅಗ್ಗವಾಗಿ ತಲುಪಲು ಇದೂ ಒಂದು ಕಾರಣ.

ಹಾಕಿನ್ಸ್ ಎಂಜಿನಿಯರಿಂಗ್ ಕಡೆ ಹೊರಳಿದ ಬಗೆ ಸ್ವಾರಸ್ಯಕರ. ವಾಷಿಂಗ್ಟನ್ ನಗರದ ಅವರ ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು ಪ್ರತಿವರ್ಷ ಹೊಸ ಕಾರಿನಲ್ಲಿ ಬರುತ್ತಿದ್ದರಂತೆ. ಕಾರನ್ನು ಚಾಲೂ ಮಾಡುವ ಸಾಧನದ ಒಂದು ಭಾಗಕ್ಕೆ ಆ ಮೇಷ್ಟ್ರು ಪೇಟೆಂಟ್ ಪಡೆದಿದ್ದರು. ಅದಕ್ಕೆ ಪ್ರತಿಫಲವಾಗಿ ಕಂಪನಿ ಕಾರು ಕೊಡುತ್ತಿತ್ತು. ಹೊಸದನ್ನು ಕಂಡುಹಿಡಿದು ಬದುಕಬಹುದು, ಕರಿಯನೂ ಹಾಗೆ ಬದುಕಬಹುದು ಎಂಬುದನ್ನು ಹುಡುಗ ಕಣ್ಣಾರೆ ಕಂಡ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಕರಿಯರೂ ಹಾಕಿನ್ಸ್ ಅವರೇ. ಬಡ ಮನೆಗಳ ಹೈಸ್ಕೂಲ್ ಮಕ್ಕಳನ್ನು ಪ್ರಯೋಗಾಲಯಗಳಿಗೆ ಕರೆತರಲು ಅಮೆರಿಕನ್ ಕೆಮಿಕಲ್ ಸೊಸೈಟಿ 1968ರಲ್ಲಿ ಆರಂಭಿಸಿದ ‘ಸೀಡ್’ ಯೋಜನೆಗೆ ಮೊದಲ ಅಧ್ಯಕ್ಷರಾಗಿದ್ದವರೂ ಅವರೇ.

ಪುಸ್ತಕದಲ್ಲಿ ಇಲ್ಲದ ಪಾಠ

ಸಂಶೋಧನೆಗೆ ಗುರು ಏಕೆ ಇಷ್ಟು ಮುಖ್ಯ? ಪದವಿ ತರಗತಿಯವರೆಗಿನ ಓದಿಗೆ ಪಠ್ಯಪುಸ್ತಕವಿದೆ, ಪರೀಕ್ಷೆಯಿದೆ. ಒಬ್ಬನೇ ಕೂತು ಓದಿ ಗೆದ್ದವರೂ ಇದ್ದಾರೆ. ಸಂಶೋಧನೆಗೆ ಪಠ್ಯಪುಸ್ತಕವಿಲ್ಲ. ಯಾವ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಬಿಡಿಸಬಹುದು, ಯಾವುದು ಹತ್ತು ವರ್ಷವಾದರೂ ಬಗೆಹರಿಯದು? ಪ್ರಯೋಗ ಕೈಕೊಟ್ಟಾಗ ತಪ್ಪು ಉಪಕರಣದ್ದೋ, ಊಹೆಯದ್ದೋ? ಲೇಖನವನ್ನು ಯಾವ ಪತ್ರಿಕೆಗೆ ಕಳಿಸಬೇಕು? ತಿರಸ್ಕೃತವಾಗಿ ಬಂದರೆ ಹೇಗೆ ತಿದ್ದಬೇಕು? ಸಮ್ಮೇಳನದಲ್ಲಿ ಯಾರನ್ನು ಮಾತನಾಡಿಸಬೇಕು? ಇವೆಲ್ಲ ಒಬ್ಬರಿಂದ ಒಬ್ಬರಿಗೆ ಬರುವ ತಿಳಿವಳಿಕೆ. ಕಮ್ಮಾರಿಕೆಯಂತೆ, ಸಂಗೀತದಂತೆ ಇದನ್ನೂ ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಪಿಎಚ್.ಡಿ. ಮಾಡುವ ಪ್ರತಿಯೊಬ್ಬರಿಗೂ ಒಬ್ಬ ಗೈಡ್ ಇರುತ್ತಾರೆ. ಆದರೆ ಗೈಡ್ ಇದ್ದಮಾತ್ರಕ್ಕೆ ಮೆಂಟರ್ ಇದ್ದಂತಾಗುವುದಿಲ್ಲ. ಗೈಡ್ ಪ್ರಬಂಧಕ್ಕೆ ಸಹಿ ಹಾಕುತ್ತಾರೆ. ಮೆಂಟರ್ ಅಷ್ಟಕ್ಕೇ ಬಿಡುವುದಿಲ್ಲ. ಶಿಷ್ಯನನ್ನು ನಾಲ್ಕು ಜನರಿಗೆ ಪರಿಚಯಿಸುತ್ತಾರೆ, ಲೇಖನದಲ್ಲಿ ಹೆಸರು ಸೇರಿಸುತ್ತಾರೆ, ನೌಕರಿಗೆ ಮನಸಾರೆ ಶಿಫಾರಸು ಪತ್ರ ಬರೆಯುತ್ತಾರೆ, ಸೋತು ಕೂತಾಗ ಎಬ್ಬಿಸುತ್ತಾರೆ. ತಂದೆಯೋ ಚಿಕ್ಕಪ್ಪನೋ ಪ್ರೊಫೆಸರ್ ಆಗಿರುವ ಮನೆಯ ಹುಡುಗನಿಗೆ ಇದರಲ್ಲಿ ಅರ್ಧ ಊಟದ ಮೇಜಿನಲ್ಲೇ ಸಿಕ್ಕಿರುತ್ತದೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನಿಗೆ ಇಂಥ ಪಾಠವೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಸಹಪಾಠಿಗಳೂ ಅರ್ಧ ಗುರುಗಳೇ. ಅದೂ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶರ್ಲಿ ಜಾಕ್ಸನ್ ಅವರ ಅನುಭವ ಸಾಕ್ಷಿ. 1964ರಲ್ಲಿ ಅವರು ಎಂಐಟಿ ಸೇರಿದಾಗ ಆ ವರ್ಷದ ತಂಡದಲ್ಲಿ ಕರಿಯ ಹುಡುಗಿಯರು ಇಬ್ಬರೇ. ಹಾಸ್ಟೆಲಿನಲ್ಲಿ ಒಟ್ಟಿಗೆ ಕೂತು ಲೆಕ್ಕ ಬಿಡಿಸುತ್ತಿದ್ದ ಬಿಳಿಯ ಹುಡುಗಿಯರ ಬಳಿ ಹೋಗಿ ತಾನೂ ಕೂರಬಹುದೇ ಎಂದು ಕೇಳಿದರೆ, ಹೋಗು ಎಂದು ಅಟ್ಟಿದರಂತೆ. ಜಾಕ್ಸನ್ ಒಬ್ಬರೇ ಓದಿದರು. 1973ರಲ್ಲಿ ಎಂಐಟಿಯಿಂದ ಪಿಎಚ್.ಡಿ. ಪಡೆದ ಮೊದಲ ಕರಿಯ ಮಹಿಳೆಯಾದರು. ಆ ನಡುವೆ 1968ರಲ್ಲಿ ಅಲ್ಲಿ ಕರಿಯ ವಿದ್ಯಾರ್ಥಿಗಳ ಸಂಘ ಕಟ್ಟಿ, ಪ್ರವೇಶದ ರೀತಿನೀತಿಗಳನ್ನು ಬದಲಿಸುವಂತೆ ಆಡಳಿತದ ಮೇಲೆ ಒತ್ತಡ ತಂದರು. 1976ರಲ್ಲಿ ಬೆಲ್ ಲ್ಯಾಬ್ಸ್ ಸೇರಿ, 1999ರಿಂದ 2022ರವರೆಗೆ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಅಧ್ಯಕ್ಷೆಯಾಗಿದ್ದರು. ಜಾಕ್ಸನ್ ಗಟ್ಟಿಗಿತ್ತಿ, ಉಳಿದುಕೊಂಡರು. ಆದರೆ ಎಲ್ಲರೂ ಅಷ್ಟು ಗಟ್ಟಿಗರಾಗಿರಬೇಕೆಂದು ಬಯಸುವ ವ್ಯವಸ್ಥೆ ಅದೆಷ್ಟು ಜನರನ್ನು ಕಳೆದುಕೊಂಡಿರಬೇಡ!

ಮರ್ರೆ ಹಿಲ್‌ನ ವೆಸ್ಟ್

ಜೇಮ್ಸ್ ವೆಸ್ಟ್ ಅವರ ಕಥೆಗೆ ಮರಳೋಣ. ಮನೆಯವರ ಮಾತಿಗೆ ಕಟ್ಟುಬಿದ್ದು ಮೊದಲು ವೈದ್ಯಕೀಯಕ್ಕೆ ಬೇಕಾದ ವಿಷಯಗಳನ್ನೇ ಓದಿದ ಅವರು, ಕೊರಿಯಾ ಯುದ್ಧದಲ್ಲಿ ಸೈನಿಕರಾಗಿ ದುಡಿದು ಬಂದ ಬಳಿಕ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸೇರಿದರು. ವಿದ್ಯಾರ್ಥಿಯಾಗಿದ್ದಾಗಲೇ ಬೇಸಿಗೆ ರಜೆಯಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿನ ಧ್ವನಿವಿಜ್ಞಾನ ವಿಭಾಗ ಅವರನ್ನು ಸಹಾಯಕನಂತೆ ದುಡಿಸಿಕೊಳ್ಳಲಿಲ್ಲ. ಸ್ವತಂತ್ರವಾಗಿ ಬಿಡಿಸಬೇಕಾದ ಸಮಸ್ಯೆಯೊಂದನ್ನು ಕೈಗಿತ್ತಿತು. 1957ರಲ್ಲಿ ವೆಸ್ಟ್ ಅಲ್ಲಿಯೇ ಕಾಯಂ ಆದರು.

1962ರಲ್ಲಿ ಅವರೂ ಜರ್ಮನಿಯಿಂದ ಬಂದಿದ್ದ ಗೆರ್ಹಾರ್ಡ್ ಸೆಸ್ಲರ್ ಅವರೂ ಸೇರಿ ಹೊಸ ಬಗೆಯ ಮೈಕ್ರೊಫೋನ್ ತಯಾರಿಸಿದರು. ಅದುವರೆಗಿನ ಉತ್ತಮ ಮೈಕ್ರೊಫೋನುಗಳಿಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕಿತ್ತು. ಅವು ದುಬಾರಿ, ನಾಜೂಕು. ಅಯಸ್ಕಾಂತ ತನ್ನ ಶಕ್ತಿಯನ್ನು ಉಳಿಸಿಕೊಳ್ಳುವಂತೆ, ಕೆಲವು ತೆಳು ಪ್ಲಾಸ್ಟಿಕ್ ಹಾಳೆಗಳು ವಿದ್ಯುತ್ ಆವೇಶವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲವು. ಇಂಥ ವಸ್ತುವಿಗೆ ಎಲೆಕ್ಟ್ರೆಟ್ ಎಂದು ಹೆಸರು. ಟೆಫ್ಲಾನ್ ಹಾಳೆಯನ್ನು ಹೀಗೆ ಆವೇಶಗೊಳಿಸಿ ಮೈಕ್ರೊಫೋನಿನ ಪರದೆಯಾಗಿಸಿದರೆ ಹೊರಗಿನ ಆ ವಿದ್ಯುತ್ತಿನ ಗೊಡವೆಯಿಲ್ಲ. ಸಾಧನ ಚಿಕ್ಕದಾಯಿತು, ಅಗ್ಗವಾಯಿತು. 1964ರಲ್ಲಿ ಪೇಟೆಂಟ್ ಬಂತು. ಮುಂದೆ ಹಲವು ದಶಕಗಳ ಕಾಲ ಜಗತ್ತಿನಲ್ಲಿ ತಯಾರಾಗುತ್ತಿದ್ದ ಮೈಕ್ರೊಫೋನುಗಳಲ್ಲಿ ನೂರಕ್ಕೆ ತೊಂಬತ್ತು ಈ ಬಗೆಯವೇ. ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ ರೆಕಾರ್ಡರು, ಗುಂಡಿ ಒತ್ತುವ ಟೆಲಿಫೋನುಗಳೂ ಇದಕ್ಕೆ ಹೊರತಲ್ಲ.

ಈ ವಿಭಾಗದ ಜೊತೆ ಬೆಂಗಳೂರಿಗೂ ಒಂದು ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1957ರಿಂದ 1960ರವರೆಗೆ ಧ್ವನಿವಿಜ್ಞಾನದ ಉಪನ್ಯಾಸಕರಾಗಿದ್ದ ಬಿಷ್ಣು ಅಟಲ್ 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಮುಂದೆ ಮಾತನ್ನು ಅಂಕಿಗಳಾಗಿ ಪರಿವರ್ತಿಸುವ ತಂತ್ರದಲ್ಲಿ ಜಗತ್ಪ್ರಸಿದ್ಧರಾದವರು ಇವರು. ನ್ಯೂಯಾರ್ಕಿನ ಫಿಲ್‌ಹಾರ್ಮೊನಿಕ್ ಸಂಗೀತ ಸಭಾಂಗಣದ ಧ್ವನಿ ಗುಣವನ್ನು ಅಳೆದ 1966ರ ಲೇಖನವೊಂದರಲ್ಲಿ ನಾಲ್ವರ ಹೆಸರಿದೆ: ವಿಭಾಗದ ಹಿರಿಯ ಮ್ಯಾನ್‌ಫ್ರೆಡ್ ಶ್ರೋಡರ್, ಅಟಲ್, ಸೆಸ್ಲರ್ ಮತ್ತು ವೆಸ್ಟ್. ಇಬ್ಬರು ಜರ್ಮನರು, ಒಬ್ಬ ಭಾರತೀಯ, ಒಬ್ಬ ಕರಿಯ ಅಮೆರಿಕನ್. ನಾಲ್ವರಲ್ಲಿ ಆ ನೆಲದಲ್ಲೇ ಹುಟ್ಟಿದವರು ವೆಸ್ಟ್ ಒಬ್ಬರೇ. ಅಲ್ಲಿಗೆ ತಲುಪುವ ದಾರಿ ದೂರದ ದೇಶಗಳವರಿಗೆ ತೆರೆದಿತ್ತು. ಫಾರ್ಮ್‌ವಿಲ್‌ನ ಹುಡುಗರಿಗೆ ಇರಲಿಲ್ಲ. ವೆಸ್ಟ್ ಹುಟ್ಟಿದ ಆ ಊರನ್ನು ಒಳಗೊಂಡ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಆಡಳಿತ, ಕರಿಯ ಮಕ್ಕಳನ್ನು ಬಿಳಿಯರ ಜೊತೆ ಕೂರಿಸಬೇಕಾಗುತ್ತದೆಂದು 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟಿತ್ತು.

ನೌಕರರ ಬೇಡಿಕೆ

ಬೆಲ್ ಲ್ಯಾಬ್ಸ್‌ನ ಕರಿಯ ನೌಕರರು 1970ರಲ್ಲಿ ಒಂದು ಸಂಘ ಕಟ್ಟಿದರು. ಅದರ ಸಂಸ್ಥಾಪಕರಲ್ಲಿ ವೆಸ್ಟ್ ಒಬ್ಬರು. ತಮ್ಮ ಬಡ್ತಿ, ಸಂಬಳಗಳಷ್ಟೇ ಅಲ್ಲ, ಮುಂದಿನ ತಲೆಮಾರಿನ ಬಗ್ಗೆಯೂ ಸಂಘ ಮಾತೆತ್ತಿತು. ಅರ್ಹ ಕರಿಯ ಸಂಶೋಧಕರು ಸಿಗುವುದಿಲ್ಲ ಎಂಬುದು ಎಲ್ಲ ಕಂಪನಿಗಳ ಸಿದ್ಧ ಉತ್ತರವಾಗಿತ್ತು. ಹಾಗಾದರೆ ನಾವೇ ತಯಾರು ಮಾಡೋಣ ಎಂಬುದು ಸಂಘದ ಮರುಮಾತು. ಆಡಳಿತವರ್ಗ ಒಪ್ಪಿತು.

ಈ ಒಪ್ಪಿಗೆಯ ಹಿಂದೆ ಒಳ್ಳೆಯತನವಷ್ಟೇ ಇರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ನೌಕರಿಯಲ್ಲಿ ತಾರತಮ್ಯವನ್ನು ನಿಷೇಧಿಸಿತ್ತು. ಬೆಲ್ ಲ್ಯಾಬ್ಸ್‌ನ ಒಡೆತನದ ಕಂಪನಿಯಾದ ಎಟಿ ಅಂಡ್ ಟಿ ಮಹಿಳೆಯರು ಮತ್ತು ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯ ಮಾಡುತ್ತಿದೆಯೆಂದು ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ ಬೆನ್ನುಹತ್ತಿತ್ತು. 1973ರ ಜನವರಿಯಲ್ಲಿ ಕಂಪನಿ ರಾಜಿ ಮಾಡಿಕೊಂಡು ಸುಮಾರು ಒಂದೂವರೆ ಕೋಟಿ ಡಾಲರ್ ಹಿಂಬಾಕಿ ಕೊಡಲು ಒಪ್ಪಬೇಕಾಯಿತು. ಒಳಗಿನವರ ಬೇಡಿಕೆ, ಹೊರಗಿನ ಕಾನೂನು ಎರಡೂ ಸೇರಿದಾಗ ಬಾಗಿಲು ತೆರೆಯಿತು.

1972ರಲ್ಲಿ ಆರಂಭವಾದ ‘ಕೋಆಪರೇಟಿವ್ ರಿಸರ್ಚ್ ಫೆಲೋಶಿಪ್’ ಯೋಜನೆಯ ತಿರುಳು ಸರಳ. ಪಿಎಚ್.ಡಿ. ಮಾಡಲು ಹೊರಟ ಪ್ರತಿಭಾವಂತ ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ಆರಿಸುವುದು. ವಿಶ್ವವಿದ್ಯಾಲಯದ ಶುಲ್ಕ, ಜೀವನಕ್ಕೆ ಬೇಕಾದ ವೇತನ ಕೊಡುವುದು. ಬೇಸಿಗೆಯಲ್ಲಿ ಲ್ಯಾಬ್ಸ್‌ಗೆ ಕರೆಸಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವಿದ್ಯಾರ್ಥಿಗೂ ಅಲ್ಲಿನ ಒಬ್ಬ ವಿಜ್ಞಾನಿಯನ್ನು ಮೆಂಟರ್ ಆಗಿ ಜೊತೆಮಾಡುವುದು. ವಿಶ್ವವಿದ್ಯಾಲಯದ ಗೈಡ್ ಅಸಡ್ಡೆ ಮಾಡಿದರೂ ವಿದ್ಯಾರ್ಥಿಗೆ ಕೇಳುವವರು ಒಬ್ಬರಿದ್ದರು. ಸಂಘದ ಪ್ರೇರಣೆಯಿಂದ ಹುಟ್ಟಿದ ಇಂಥ ಕಾರ್ಯಕ್ರಮಗಳ ನೆರವು ಪಡೆದ ಬಿಳಿಯೇತರ ಪದವೀಧರರ ಸಂಖ್ಯೆ 500ಕ್ಕೂ ಹೆಚ್ಚು.

ಅವರಲ್ಲೊಬ್ಬರು ವಿಲಿಯಂ ಮ್ಯಾಸಿ. 1977ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪದವಿ ಮುಗಿಸಿದಾಗ ಈ ಫೆಲೋಶಿಪ್ ದೊರೆಯಿತು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಪಡೆದು ಬೆಲ್ ಲ್ಯಾಬ್ಸ್‌ಗೇ ಬಂದ ಮ್ಯಾಸಿ, ಸರದಿ ಸಾಲುಗಳ ಗಣಿತದಲ್ಲಿ ಹೆಸರು ಮಾಡಿದರು. ಒಂದು ವಿನಿಮಯ ಕೇಂದ್ರಕ್ಕೆ ಏಕಕಾಲಕ್ಕೆ ಎಷ್ಟು ಕರೆ ಬಂದರೆ ಎಷ್ಟು ಜನ ಕಾಯಬೇಕಾಗುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರವದು. 2001ರಲ್ಲಿ ಅವರು ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕರಾದರು. ಅದಕ್ಕೂ ಮೊದಲೇ, 1995ರಲ್ಲಿ, ಕರಿಯ ಗಣಿತ ಸಂಶೋಧಕರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನಕ್ಕೆ ಚಾಲನೆ ಕೊಟ್ಟಿದ್ದರು. ಹಿರಿಯರು ಭಾಷಣ ಮಾಡುವ, ವಿದ್ಯಾರ್ಥಿಗಳು ತಮ್ಮ ಕೆಲಸ ತೋರಿಸುವ ಸಮ್ಮೇಳನವದು. ಬೂಶೆಯ ಕಾಲದಲ್ಲಿ ಕಡಿದುಹೋದ ಎಳೆ ಇಲ್ಲಿ ಕೂಡಿಕೊಂಡಿತು. ಶಿಷ್ಯ ಗುರುವಾದ.

ಒಬ್ಬೊಬ್ಬರೇ ಓದುವ ಕಷ್ಟ

ಇದೇ ವರ್ಷಗಳಲ್ಲಿ ಬೇರೆ ಕಡೆಗಳಲ್ಲೂ ಪ್ರಯತ್ನಗಳು ನಡೆದವು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1970ರ ಸುಮಾರಿಗೆ ಎಂಜಿನಿಯರಿಂಗ್ ಸೇರಿದ ಹತ್ತು ಕರಿಯ ವಿದ್ಯಾರ್ಥಿಗಳಲ್ಲಿ ಎಂಟು ಮಂದಿ ಅರ್ಧಕ್ಕೇ ಬಿಟ್ಟುಹೋಗುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳೇ ಕಟ್ಟಿಕೊಂಡ ಸಂಘ, 1975ರ ಏಪ್ರಿಲ್‌ನಲ್ಲಿ 32 ಕಾಲೇಜುಗಳ ಪ್ರತಿನಿಧಿಗಳು ಸೇರಿದಾಗ, ಕರಿಯ ಎಂಜಿನಿಯರುಗಳ ರಾಷ್ಟ್ರೀಯ ಸಂಘವಾಯಿತು. 1976ರಲ್ಲಿ ‘ಜೆಮ್’ ಎಂಬ ಒಕ್ಕೂಟ ಸ್ಥಾಪನೆಯಾಯಿತು. ವಿಶ್ವವಿದ್ಯಾಲಯಗಳೂ ಕಂಪನಿಗಳೂ ಕೈಜೋಡಿಸಿ, ಸ್ನಾತಕೋತ್ತರ ಎಂಜಿನಿಯರಿಂಗ್ ಓದುವ ಅಲ್ಪಸಂಖ್ಯಾತರಿಗೆ ಶುಲ್ಕ, ವೇತನ ಮತ್ತು ಬೇಸಿಗೆಯ ಕೆಲಸ ಒದಗಿಸುವ ವ್ಯವಸ್ಥೆ ಇದು.

ಪ್ರತಿಭಾವಂತರೂ ಏಕೆ ಸೋಲುತ್ತಾರೆ ಎಂಬ ಪ್ರಶ್ನೆಗೆ ಕಣ್ತೆರೆಸುವ ಉತ್ತರ ಸಿಕ್ಕಿದ್ದು ಬರ್ಕ್ಲಿಯಲ್ಲಿ. 1970ರ ದಶಕದ ನಡುವಿನಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಕ್ಯಾಲ್ಕುಲಸ್ ಓದುತ್ತಿದ್ದ 20 ಕರಿಯ ಮತ್ತು 20 ಚೀನೀ ಮೂಲದ ವಿದ್ಯಾರ್ಥಿಗಳ ಹಿಂದೆ ಬಿದ್ದು, ಅವರು ಹೇಗೆ ಓದುತ್ತಾರೆಂದು ಗಮನಿಸಿದರು. ಕರಿಯರು ಸೋಲುವುದು ಆಸಕ್ತಿಯಿಲ್ಲದ್ದರಿಂದ, ಮನೆಯಲ್ಲಿ ಪ್ರೋತ್ಸಾಹವಿಲ್ಲದ್ದರಿಂದ ಎಂದು ಅಧ್ಯಾಪಕರು ನಂಬಿದ್ದರು. ಟ್ರೈಸ್‌ಮನ್ ಕಂಡದ್ದೇ ಬೇರೆ. ಕರಿಯ ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಹುಡುಗರು ಸಂಜೆ ಒಟ್ಟಾಗಿ ಕೂತು ಒಬ್ಬರ ತಪ್ಪನ್ನೊಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕವಿದ್ದರೆ, ಲೆಕ್ಕವೇ ಕಠಿಣ, ತಾವು ದಡ್ಡರಲ್ಲ ಎಂದು ಸಮಾಧಾನಪಡುತ್ತಿದ್ದರು. ಒಬ್ಬನೇ ಕೂತವನು ದೋಷವನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದ. ಟ್ರೈಸ್‌ಮನ್ ಹೆಚ್ಚು ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರ ಆರಂಭಿಸಿದರು. ಫಲಿತಾಂಶ ಬದಲಾಯಿತು.

ಇದೇ ಸೂತ್ರವನ್ನು ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ದಾನಿ ರಾಬರ್ಟ್ ಮೇಯರ್‌ಹಾಫ್ ಅವರ ಹಣ, ಗಣಿತದ ಪ್ರಾಧ್ಯಾಪಕ ಫ್ರೀಮನ್ ರಬಾವ್‌ಸ್ಕಿ ಅವರ ಯೋಜನೆ. 1989ರಲ್ಲಿ 19 ಕರಿಯ ಹುಡುಗರ ಮೊದಲ ತಂಡ ಬಂತು. ಒಂದೇ ಕಡೆ ವಾಸ, ಗುಂಪಿನಲ್ಲಿ ಓದು, ಪದವಿ ಹಂತದಲ್ಲೇ ಪ್ರಯೋಗಾಲಯ, ಪ್ರತಿಯೊಬ್ಬರಿಗೂ ಮೆಂಟರ್. ಗುರಿ ಬರೀ ಪದವಿಯಲ್ಲ, ಪಿಎಚ್.ಡಿ. ಕೋವಿಡ್ ಲಸಿಕೆ ರೂಪಿಸಿದ ಅಮೆರಿಕ ಸರ್ಕಾರದ ತಂಡದಲ್ಲಿ 2020ರಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೇಕಿಯಾ ಕಾರ್ಬೆಟ್ ಇಲ್ಲಿಂದಲೇ 2008ರಲ್ಲಿ ಹೊರಬಂದವರು.

ಪ್ರತಿಭೆಯ ಪ್ರಶ್ನೆ, ನ್ಯಾಯಾಲಯದ ತೀರ್ಪು

ಇಂಥ ಕಾರ್ಯಕ್ರಮಗಳಿಗೆ ವಿರೋಧವೂ ಮೊದಲಿನಿಂದ ಇದೆ. ಒಂದು ಜನಾಂಗಕ್ಕೆಂದು ಮೀಸಲಿಟ್ಟರೆ ಬಿಳಿಯ ಬಡ ಹುಡುಗನಿಗೆ ಅನ್ಯಾಯವಲ್ಲವೆ, ಪ್ರತಿಭೆಗೆ ಬೆಲೆಯೆಲ್ಲಿ ಎಂಬ ವಾದ ನಮ್ಮ ಓದುಗರಿಗೂ ಅಪರಿಚಿತವಲ್ಲ. ಮೆಕ್ಸಿಕೊದಿಂದ ವಲಸೆ ಬಂದ ಕುಟುಂಬದ ಮಗನಾಗಿ, ಟೆಕ್ಸಾಸಿನ ರೈಸ್ ವಿಶ್ವವಿದ್ಯಾಲಯದಲ್ಲಿ 1970ರಿಂದ ಅನೇಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ಪಿಎಚ್.ಡಿ.ವರೆಗೆ ಕೊಂಡೊಯ್ದ ಗಣಿತಜ್ಞ ರಿಚರ್ಡ್ ಟಾಪಿಯಾ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪ್ರವೇಶ ಪರೀಕ್ಷೆಯ ಅಂಕ ಒಂದು ಹೊಸ್ತಿಲು ಎನ್ನುತ್ತಾರೆ ಅವರು. ಹೊಸ್ತಿಲು ದಾಟಿದವರಲ್ಲಿ ಹೆಚ್ಚು ಅಂಕದವನೇ ಹೆಚ್ಚು ಒಳ್ಳೆಯ ಸಂಶೋಧಕನಾಗುತ್ತಾನೆಂದು ಹೇಳಲು ಬಾರದು.

ನ್ಯಾಯಾಲಯಗಳ ದೃಷ್ಟಿ ಮಾತ್ರ ಬಿಗಿಯಾಗುತ್ತ ಬಂದಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಕರಿಯರಿಗೆ ಮಾತ್ರ ಕೊಡುತ್ತಿದ್ದ ಬೇರೊಂದು ವಿದ್ಯಾರ್ಥಿವೇತನವನ್ನು 1994ರಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. 1996ರಲ್ಲಿ ಮೇಯರ್‌ಹಾಫ್ ಯೋಜನೆಯನ್ನು ಎಲ್ಲ ಜನಾಂಗದವರಿಗೂ ತೆರೆಯಲಾಯಿತು. ಅಷ್ಟಾದರೂ ಯೋಜನೆ ಸೊರಗಲಿಲ್ಲ. ಪೆನ್ ಸ್ಟೇಟ್, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಗಳು ಅದನ್ನು ಮಾದರಿಯಾಗಿ ತೆಗೆದುಕೊಂಡವು. ಅದರ ಬಲ ಇದ್ದದ್ದು ಕಲಿಸುವ ಕ್ರಮದಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಕೇಂದ್ರ ಸರ್ಕಾರದ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶ ಹೊರಡಿಸಿದರು. ಅದೇ ಏಪ್ರಿಲ್‌ನಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇಂಥ ಉದ್ದೇಶದ ಹಲವು ಅನುದಾನಗಳನ್ನು ರದ್ದುಪಡಿಸಿತು. ಬೆಲ್ ಕಂಪನಿಯೂ ಹಳೆಯ ರೂಪದಲ್ಲಿ ಉಳಿದಿಲ್ಲ. 1984ರಲ್ಲಿ, ಮತ್ತೆ 1996ರಲ್ಲಿ ಒಡೆದು, ಲ್ಯಾಬ್ಸ್ 2016ರಲ್ಲಿ ನೋಕಿಯಾ ಪಾಲಾಯಿತು.

ಸರ್ಕಾರದ ಹಣ ನಿಲ್ಲಬಹುದು, ಕಂಪನಿ ಕೈ ಬದಲಿಸಬಹುದು. ಒಬ್ಬರು ಇನ್ನೊಬ್ಬರಿಗೆ ಕಲಿಸಿದ್ದನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಾರರು. 2001ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ನಿವೃತ್ತರಾದ ವೆಸ್ಟ್ ಮನೆಯಲ್ಲಿ ಕೂರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ ಸೇರಿ, ಮಕ್ಕಳ ನ್ಯುಮೋನಿಯಾವನ್ನು ಎದೆಯ ಸದ್ದಿನಿಂದಲೇ ಪತ್ತೆ ಮಾಡುವ ಸ್ಟೆತಸ್ಕೋಪಿನ ಮೇಲೆ ಕಿರಿಯರ ಜೊತೆ ಕೆಲಸ ಮಾಡಿದರು. ಅವರ ಪೇಟೆಂಟುಗಳ ಸಂಖ್ಯೆ 250 ದಾಟಿದೆ.

‘ಮುಂದೆ ಗುರಿ, ಹಿಂದೆ ಗುರು’ ಎನ್ನುವುದು ನಮ್ಮ ಹಿರಿಯರ ಮಾತು. ವೆಸ್ಟ್ ಅವರ ತಂದೆ ಮಗನಿಗೆ ತೋರಿಸಿದ ಆ ಮೂವರಿಗೆ ಗುರಿ ಇತ್ತು, ಓದು ಇತ್ತು, ಪದವಿಯೂ ಇತ್ತು. ಹಿಂದೆ ನಿಂತು ಇವನು ನಮ್ಮವನು, ಒಳಗೆ ಬಿಡಿ ಎನ್ನುವವರು ಇರಲಿಲ್ಲ. ಅವರು ಏನನ್ನು ಕಂಡುಹಿಡಿಯಬಹುದಿತ್ತೋ ಯಾರಿಗೂ ತಿಳಿಯದು. ಅಂಚೆ ವಿಂಗಡಿಸುತ್ತ ಅವರ ಆಯುಷ್ಯ ಕಳೆಯಿತು.